ನೀರಿನ ಕ್ಯಾಲೆಂಡರ್: ನ್ಯೂಜಿಲೆಂಡಿನಲ್ಲಿ ನಾನು ಕಯಾಕ್ ಅಂಗಡಿ ಇಟ್ಟದ್ದು

ನಮ್ಮ ಅಡುಗೆಮನೆ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಇವೆ. ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ನೀರು. ಯಾವ ದಿನ ಎಷ್ಟು ಗಂಟೆಗೆ ಸಮುದ್ರ ತುಂಬುತ್ತದೆ, ಎಷ್ಟು ಗಂಟೆಗೆ ಇಳಿಯುತ್ತದೆ ಅಂತ. ಬುಕಿಂಗ್ ಫೋನ್ ಬಂದರೆ ಮೊದಲು ಕಣ್ಣು ಹೋಗುವುದು ಎರಡನೆಯದರ ಮೇಲೆ. ಈ ಅಭ್ಯಾಸ ಹೇಗೆ ಬಂತು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದು ಸ್ವಲ್ಪ ಮರ್ಯಾದೆ ಹೋದ ಕಥೆ.

ನಾವಿರುವುದು ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ. ನೆಲ್ಸನ್ ಊರಿನಿಂದ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಹೋದರೆ ಮಾರಹೌ. ಅಲ್ಲಿಗೆ ಟಾರು ರಸ್ತೆ ಮುಗಿದು ಏಬಲ್ ಟ್ಯಾಸ್ಮನ್ ರಾಷ್ಟ್ರೀಯ ಉದ್ಯಾನ ಶುರು. 1942ರಲ್ಲಿ ಆದ ಈ ಉದ್ಯಾನ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೇ ಚಿಕ್ಕದು. 60 ಕಿ.ಮೀ. ಕಾಲುದಾರಿ, ಹೊಂಬಣ್ಣದ ಮರಳು, ಟೋಂಗಾ ದ್ವೀಪದ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಸೀಲ್‌ಗಳು. ನಾವು ಜನರನ್ನು ಹುಟ್ಟು ಹಾಕುವ ಕಿರಿದಾದ ದೋಣಿಯಲ್ಲಿ, ಅಂದರೆ ಕಯಾಕ್‌ನಲ್ಲಿ ಕೂರಿಸಿ ಇದನ್ನೆಲ್ಲ ತೋರಿಸುತ್ತೇವೆ. ಕೆಲವರಿಗೆ ಅರ್ಧ ದಾರಿ ಹುಟ್ಟು, ಅರ್ಧ ದಾರಿ ನಡಿಗೆ.

ಎಲ್ಲರೂ ಮೊದಲು ಕೇಳುವುದು ವೀಸಾ. 2014ರಲ್ಲಿ ಸ್ವಂತ ವ್ಯವಹಾರ ಮಾಡುವವರಿಗೆ ಅಂತ ಒಂದು ವೀಸಾ ಬಂದಿತ್ತು. ಕನಿಷ್ಠ ಒಂದು ಲಕ್ಷ ನ್ಯೂಜಿಲೆಂಡ್ ಡಾಲರ್ ಬಂಡವಾಳ ತೋರಿಸಬೇಕಿತ್ತು. ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಹೆಂಡತಿ ನರ್ಸ್. ಅವಳಿಗೆ ಕೆಲಸ ಸಿಕ್ಕಿತು, ಅವಳ ಸಂಗಾತಿ ಅಂತ ನಾನು ಹಿಂದೆ ಬಂದೆ. ರೆಸಿಡೆನ್ಸಿ, ಅಂದರೆ ಇಲ್ಲೇ ನೆಲೆಸುವ ಅನುಮತಿ, ಕೈಗೆ ಬರುವವರೆಗೆ ಸ್ವಂತ ಕಂಪನಿಯ ಮಾತು ಎತ್ತಲೇ ಇಲ್ಲ. ಸಾಹಸ, ಕನಸು ಅಂತೆಲ್ಲ ಬರೆಯಬಹುದು, ಆದರೆ ನಮ್ಮ ಕಂಪನಿಯ ಮೊದಲ ಮೂರು ವರ್ಷದ ಬಂಡವಾಳ ಅಂದರೆ ಅವಳ ಸಂಬಳ. ವೀಸಾ ನಿಯಮಗಳು ಆಮೇಲೆ ಬಹಳ ಬದಲಾಗಿವೆ. ನನ್ನ ಮಾತು ನಂಬಬೇಡಿ, ಇಮಿಗ್ರೇಷನ್ ಇಲಾಖೆಯ ಪುಟವನ್ನೇ ನೋಡಿ.

ಮೊದಲ ಎರಡು ಬೇಸಿಗೆ (ಇಲ್ಲಿ ಬೇಸಿಗೆ ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿ) ಬೇರೆಯವರ ಹತ್ತಿರ ಕೆಲಸ ಮಾಡಿದೆ. ವೆಟ್‌ಸೂಟ್ ತೊಳೆಯುವುದು, ಟ್ರೇಲರ್‌ಗೆ ಕಯಾಕ್ ಏರಿಸುವುದು, ಊಟದ ಡಬ್ಬಿ ತುಂಬುವುದು. ಆಮೇಲೆ ಗೈಡ್ ಪರೀಕ್ಷೆ. ಆ ಎರಡು ವರ್ಷ ಹಾಗೆ ದುಡಿಯದೆ ಇದ್ದಿದ್ದರೆ ಈ ಜಾಗದ ಗಾಳಿ ನನಗೆ ಗೊತ್ತಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಸಮುದ್ರ ಕೆರೆಯ ಹಾಗೆ ಇರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಏಳುವ ಹೊತ್ತಿಗೆ ಕಡಲ ಗಾಳಿ ಎದ್ದಿರುತ್ತದೆ. ಹೋಗುವಾಗ ಒಂದು ಗಂಟೆ ಹಿಡಿದ ದಾರಿ ಬರುವಾಗ ಎರಡು ಗಂಟೆ ಆಗಬಹುದು. ಗೈಡ್‌ಗಳ ಒಂದು ತಮಾಷೆಯನ್ನೂ ಅಲ್ಲೇ ಕಲಿತೆ: ಇಬ್ಬರು ಕೂರುವ ಕಯಾಕ್‌ಗೆ ಅವರು ಡೈವೋರ್ಸ್ ಬೋಟ್ ಅನ್ನುತ್ತಾರೆ. ಚುಕ್ಕಾಣಿ ಹಿಂದೆ ಕೂತವರ ಕಾಲಿನಲ್ಲಿ, ದೂರು ಮುಂದೆ ಕೂತವರ ಬಾಯಲ್ಲಿ. ಗಂಡ ಹೆಂಡತಿ ಒಂದರಲ್ಲಿ ಕೂತರೆ ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ.

2017ರಲ್ಲಿ ಕಂಪನಿ ಶುರು ಮಾಡಿದೆ, ನಿಜ ಹೇಳಬೇಕೆಂದರೆ ಕೊಂಡುಕೊಂಡೆ. ವಯಸ್ಸಾದ ಒಬ್ಬರು ಸಾಕು ಅಂತ ಮಾರುತ್ತಿದ್ದರು. ಎಂಟು ಹಳೇ ಕಯಾಕ್, ಒಂದು ವ್ಯಾನ್, ಒಂದು ಕಾಗದ. ಬೆಲೆ ಇದ್ದದ್ದು ಆ ಕಾಗದಕ್ಕೆ. ನ್ಯೂಜಿಲೆಂಡಿನ ಸುಮಾರು ಮೂರನೇ ಒಂದು ಭಾಗ ನೆಲ ಸಂರಕ್ಷಣಾ ಇಲಾಖೆಯ ಕೈಯಲ್ಲಿದೆ. ಎಲ್ಲರೂ ಅದನ್ನು ಡಾಕ್ ಅಂತಲೇ ಕರೆಯುವುದು. ಆ ನೆಲದಲ್ಲಿ ಯಾರು ಬೇಕಾದರೂ ಸುಮ್ನೆ ನಡೆಯಬಹುದು. ಆದರೆ ದುಡ್ಡು ತೆಗೆದುಕೊಂಡು ಒಬ್ಬರನ್ನು ನಡೆಸಿದರೂ ಕನ್ಸೆಷನ್ ಅನ್ನುವ ಪರವಾನಗಿ ಬೇಕು. ಅದಕ್ಕೆ ಇಲ್ಲಿಯ ಮೂಲನಿವಾಸಿ ಮಾವೋರಿ ಸಮುದಾಯಗಳ ಅಭಿಪ್ರಾಯವನ್ನೂ ಕೇಳುತ್ತಾರೆ. ಬ್ರಿಟಿಷರಿಗೂ ಮಾವೋರಿಗಳಿಗೂ ಆದ 1840ರ ವೈಟಾಂಗಿ ಒಪ್ಪಂದದ ತತ್ವಗಳನ್ನು ಪಾಲಿಸಬೇಕು ಅಂತ 1987ರ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಕಂಪನಿ ಕೊಂಡರೆ ಪರವಾನಗಿ ತಾನಾಗಿಯೇ ನನ್ನ ಹೆಸರಿಗೆ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ, ವರ್ಗಾವಣೆಗೆ ಒಪ್ಪಿಗೆ ಬೇಕು. ಪುಣ್ಯಕ್ಕೆ ಲಾಯರ್ ಒಂದು ಸಾಲು ಸೇರಿಸಿದ್ದರು: ಒಪ್ಪಿಗೆ ಸಿಕ್ಕರೆ ಮಾತ್ರ ದುಡ್ಡು. ಆ ಒಂದು ಸಾಲು ಇರದಿದ್ದರೆ ಎಂಟು ಕಯಾಕ್ ಇಟ್ಟುಕೊಂಡು ದಂಡೆಯಲ್ಲಿ ಕೂರುತ್ತಿದ್ದೆ.

ಮುಂದಿನದು ಸುರಕ್ಷತಾ ಆಡಿಟ್. 2016ರ ಸಾಹಸ ಚಟುವಟಿಕೆ ನಿಯಮಗಳ ಪ್ರಕಾರ ಸಮುದ್ರದಲ್ಲಿ ಕಯಾಕ್ ನಡೆಸುವವರು ಮೊದಲು ಆಡಿಟ್ ಪಾಸಾಗಬೇಕು. ಆಮೇಲೆ ವರ್ಕ್‌ಸೇಫ್ ಅನ್ನುವ ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಹಾಕಿಸಬೇಕು. ಅದಿಲ್ಲದೆ ಒಬ್ಬ ಗಿರಾಕಿಯನ್ನೂ ನೀರಿಗೆ ಇಳಿಸುವಂತಿಲ್ಲ. ನಾನು ಅಲ್ಲಿ ಇಲ್ಲಿ ಸಿಕ್ಕ ಮಾದರಿಗಳನ್ನೆಲ್ಲ ಅಂಟಿಸಿ ತೊಂಬತ್ತು ಪುಟದ ಸುರಕ್ಷತಾ ಯೋಜನೆ ಮಾಡಿದ್ದೆ. ದಪ್ಪ ಇದ್ದರೆ ಒಳ್ಳೆಯದು ಅಂತ. ಬಂದ ಆಡಿಟರ್ ಹೆಂಗಸು ನಿಧಾನಕ್ಕೆ ಪುಟ ತಿರುಗಿಸುತ್ತಾ ಹೋದರು. ಒಂದು ಕಡೆ ಬೆರಳಿಟ್ಟು ನಿಂತರು.

"ಈ ಬೀಚಿಗೆ ಹಿಮಕುಸಿತ ಎಲ್ಲಿಂದ ಬರುತ್ತದೆ?"

ಯಾವುದೋ ಪರ್ವತಾರೋಹಣ ಮಾದರಿಯ ಒಂದು ಪುಟ ಹಾಗೇ ಉಳಿದುಬಿಟ್ಟಿತ್ತು. ಅವರು ನಗಲಿಲ್ಲ. ನೀವೇ ಬರೆದು ಕಳಿಸಿ ಅಂದರು. ಎರಡನೇ ಸಲ ಬರೆದದ್ದು ಇಪ್ಪತ್ತೆರಡು ಪುಟ. ಎಷ್ಟು ಗಾಳಿ ಇದ್ದರೆ ಹೊರಡುವುದಿಲ್ಲ, ಎಲ್ಲಿ ದಡ ಹತ್ತಬಹುದು, ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್‌ನಲ್ಲಿ ತುರ್ತು ಬಂದರೆ ಏನು ಹೇಳಬೇಕು, ಯಾರ ಹತ್ತಿರ ತುರ್ತು ಬೀಕನ್ (ಅಪಾಯದ ಸಂಕೇತ ಕಳಿಸುವ ಸಾಧನ) ಇರುತ್ತದೆ. ಮರುವರ್ಷ ಅವರು ಮತ್ತೆ ಬಂದಾಗ ಪುಟ ತಿರುಗಿಸಲೇ ಇಲ್ಲ. "ನೀವು ಹೋಗದೆ ಇದ್ದ ದಿನಗಳನ್ನು ತೋರಿಸಿ" ಅಂದರು. ರದ್ದು ಮಾಡಿದ ಟ್ರಿಪ್‌ಗಳ ಪುಸ್ತಕ ಕೊಟ್ಟೆ. ಅರ್ಧ ಗಂಟೆ ಅದನ್ನೇ ಓದಿದರು.

ಈಗ ಮರ್ಯಾದೆ ಹೋದ ಕಥೆ. ಮೊದಲ ಡಿಸೆಂಬರ್. ಅಜ್ಜಿ ಸೇರಿ ನಾಲ್ಕು ಜನರ ಒಂದು ಕುಟುಂಬ. ದಿನ ಚೆನ್ನಾಗಿತ್ತು, ಅಡೀಲ್ ದ್ವೀಪದ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಇರೋಣ ಅಂದರು, ನಾನು ಹೂಂ ಅಂದೆ. ವಾಪಸ್ ಬರುವಾಗ ಎದುರುಗಾಳಿ. ಮಾರಹೌ ಕಾಣಿಸಿತು, ಆದರೆ ನೀರು ಕಾಣಿಸಲಿಲ್ಲ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರ್ ಆಸುಪಾಸು ವ್ಯತ್ಯಾಸ ಆಗುವ ದಿನಗಳಿವೆ. ದಂಡೆ ಚಪ್ಪಟೆ. ಹಾಗಾಗಿ ಪೂರ್ತಿ ಇಳಿತದಲ್ಲಿ ಸಮುದ್ರ ಎಲ್ಲೋ ದೂರ ಹೋಗಿ ಕೂರುತ್ತದೆ. ಇಲ್ಲಿಯ ಕಂಪನಿಗಳು ದೋಣಿಗಳನ್ನು ಟ್ರ್ಯಾಕ್ಟರ್‌ನಲ್ಲಿ ಎಳೆದುಕೊಂಡು ಹೋಗುವುದು ಅದಕ್ಕೇ. ಹಳೇ ಮಾಲೀಕರು ಟ್ರ್ಯಾಕ್ಟರ್ ಕೂಡ ಕೊಡುತ್ತೇನೆ ಅಂದಿದ್ದರು. ದುಡ್ಡು ಉಳಿಸೋಣ ಅಂತ ನಾನೇ ಬೇಡ ಅಂದಿದ್ದೆ.

ಕೆಸರು ಮೀನಖಂಡದವರೆಗೆ. ಕೆಸರಿನೊಳಗೆ ಚಿಪ್ಪುಗಳು. ಡಬಲ್ ಕಯಾಕ್ ಖಾಲಿ ಇದ್ದರೂ ಭಾರ, ಸಾಮಾನು ತುಂಬಿದ್ದರೆ ಕೇಳುವುದೇ ಬೇಡ. ಅಜ್ಜಿ ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಇನ್ನೊಂದು ಕೈ ನನ್ನ ಭುಜದ ಮೇಲೆ ಇಟ್ಟಿದ್ದರು. ಅರ್ಧ ದಾರಿಯಲ್ಲಿ ಪಕ್ಕದ ಕಂಪನಿಯ ಟ್ರ್ಯಾಕ್ಟರ್ ಬಂತು. ಡ್ರೈವರ್ ಒಂದು ಮಾತೂ ಆಡದೆ ಹಗ್ಗ ಕಟ್ಟಿದ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಕುಟುಂಬಕ್ಕೆ ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಮರುದಿನ ಒಂದು ಕ್ರೇಟ್ ಬಿಯರ್ ಹೊತ್ತುಕೊಂಡು ಆ ಕಂಪನಿಗೆ ಹೋದೆ. ಆ ಊರಿನಲ್ಲಿ ಅಂಥದ್ದಕ್ಕೆ ಅದೇ ಬಿಲ್. ನೀರಿನ ಕ್ಯಾಲೆಂಡರ್ ಅಡುಗೆಮನೆಗೆ ಬಂದದ್ದು ಆ ವಾರ.

ಈಗ ಟ್ರಿಪ್‌ಗೆ ನಿಗದಿಯಾದ ಹೊತ್ತು ಅಂತ ಇಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜಾರುತ್ತದೆ, ನಮ್ಮ ಹೊರಡುವ ಹೊತ್ತೂ ಅದರ ಹಿಂದೆ ಜಾರುತ್ತದೆ. ನಡೆಯುವವರಿಗೂ ಇದೇ ಪಾಡು. ಅವರೋವ ಅಳಿವೆಯನ್ನು ದಾಟಲು ಆಗುವುದು ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಮಾತ್ರ. ಸುತ್ತು ದಾರಿ ಇಲ್ಲ. ಬೆಳಗಿನ ಜಾವ ಐದಕ್ಕೆ ದಾಟಬೇಕು ಅಂದಾಗ ಗಿರಾಕಿಗಳ ಮುಖ ನೋಡಬೇಕು!

ದುಡ್ಡಿನ ಲೆಕ್ಕದಲ್ಲಿ ನಾನು ಎಡವಿದ್ದು ಎರಡು ಕಡೆ. ಇಲ್ಲಿ ಜಿಎಸ್‌ಟಿ 15 ಪರ್ಸೆಂಟ್, ವರ್ಷದ ವಹಿವಾಟು 60,000 ಡಾಲರ್ ದಾಟಿದರೆ ನೋಂದಣಿ ಕಡ್ಡಾಯ. ಏಜೆಂಟರ ಕಮಿಷನ್ ಅದರ ಮೇಲೆ. ಇವೆರಡನ್ನೂ ಕಳೆಯದೆ ನಾನು ಟಿಕೆಟ್ ದರ ಇಟ್ಟಿದ್ದೆ. ಮೊದಲ ಜನವರಿ ಪೂರ್ತಿ ಭರ್ತಿ, ಕೈಯಲ್ಲಿ ಏನೂ ಇಲ್ಲ. ಇನ್ನೊಂದು ವಿಮೆ. ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ಇದೆ. ಅಪಘಾತದಲ್ಲಿ ಪೆಟ್ಟಾದರೆ ಪ್ರವಾಸಿಗರ ಚಿಕಿತ್ಸೆಗೂ ಅದು ನೆರವು ಕೊಡುತ್ತದೆ, ತಪ್ಪು ಯಾರದು ಅಂತ ಕೇಳುವುದಿಲ್ಲ. ಅದನ್ನು ನೋಡಿ ಇನ್ನೇನು ಚಿಂತೆ ಅಂದುಕೊಂಡಿದ್ದೆ. ಆದರೆ ಸುರಕ್ಷತಾ ಕಾಯ್ದೆ ಮುರಿದು ದಂಡ ಬಿದ್ದರೆ ಅದನ್ನು ಕಟ್ಟಲು ವಿಮೆ ಮಾಡಿಸುವುದನ್ನೇ ಕಾನೂನು ಒಪ್ಪುವುದಿಲ್ಲ. ಅದು ಸೀದಾ ನಮ್ಮ ಜೇಬಿನಿಂದ. 2019ರ ಡಿಸೆಂಬರ್‌ನಲ್ಲಿ ವಕಾರಿ ದ್ವೀಪದ ಜ್ವಾಲಾಮುಖಿ ಸಿಡಿದು, ಅದನ್ನು ನೋಡಲು ಹೋಗಿದ್ದ ಪ್ರವಾಸಿಗರು, ಗೈಡ್‌ಗಳು ಸೇರಿ 22 ಜನ ತೀರಿಕೊಂಡ ಮೇಲೆ ನಿಯಮಗಳು ಇನ್ನೂ ಬಿಗಿಯಾದವು. 2024ರ ಏಪ್ರಿಲ್‌ನಿಂದ, ಗಂಭೀರ ಅಪಾಯ ಏನೇನಿದೆ ಅಂತ ಗಿರಾಕಿಗೆ ಮೊದಲೇ ಬಿಡಿಸಿ ಹೇಳಲೇಬೇಕು. ನನಗೆ ಇದು ಕಿರಿಕಿರಿ ಅನಿಸಿಲ್ಲ. ಹೇಳಿದ ಮೇಲೆ ಜನ ಲೈಫ್ ಜಾಕೆಟ್‌ನ ಬಕಲ್ ತಾವೇ ಎರಡು ಸಲ ನೋಡಿಕೊಳ್ಳುತ್ತಾರೆ.

2018ರ ಫೆಬ್ರುವರಿಯಲ್ಲಿ ಗೀಟಾ ಚಂಡಮಾರುತ ನಮ್ಮ ಪಕ್ಕದ ಟಾಕಕ ಗುಡ್ಡದ ರಸ್ತೆಯನ್ನು ಕೊಚ್ಚಿ ಹಾಕಿತು, ಒಳ್ಳೆಯ ಸೀಸನ್ ಅರ್ಧಕ್ಕೇ ಮುಗಿಯಿತು. ಅದು ಏನೂ ಅಲ್ಲ ಅನ್ನುವ ಹಾಗೆ 2020ರ ಮಾರ್ಚ್ 19ಕ್ಕೆ ದೇಶದ ಗಡಿಯೇ ಮುಚ್ಚಿತು. ನಮ್ಮ ಬುಕಿಂಗ್‌ನಲ್ಲಿ ಹತ್ತಕ್ಕೆ ಎಂಟು ಹೊರದೇಶದವರದ್ದು. ಪೂರ್ಣಾವಧಿ ಕೆಲಸದವರಿಗೆ ಸರ್ಕಾರ ವಾರಕ್ಕೆ 585.80 ಡಾಲರ್ ಕೂಲಿ ಸಹಾಯ ಕೊಟ್ಟಿತು, ಅದರಲ್ಲಿ ಉಸಿರು ಹಿಡಿದುಕೊಂಡೆವು. ಆ ಬೇಸಿಗೆ ಬಂದವರೆಲ್ಲ ಇಲ್ಲಿಯವರೇ. ಅವರಿಗೆ ಸೀಲ್ ತೋರಿಸಿ ವಿವರಣೆ ಕೊಟ್ಟರೆ ಆಕಳಿಸುತ್ತಾರೆ. ಕಯಾಕ್ ಕೊಡಿ, ಟೆಂಟ್ ಕೊಡಿ, ಮಕ್ಕಳನ್ನು ನೋಡಿಕೊಳ್ಳಿ, ಸಾಕು. ಮಕ್ಕಳ ಎರಡು ದಿನದ ಟ್ರಿಪ್ ಹುಟ್ಟಿದ್ದು ಹಾಗೆ. ಅಲ್ಲಿ ದೊಡ್ಡ ಅಪಾಯ ಅಂದರೆ ವೆಕಾ ಹಕ್ಕಿ. ಕೋಳಿಯಷ್ಟು ದೊಡ್ಡದು, ಹಾರಲು ಬರುವುದಿಲ್ಲ, ಆದರೆ ಬಿಸ್ಕತ್ತಿನ ಪೊಟ್ಟಣ ಕಚ್ಚಿಕೊಂಡು ಪೊದೆಗೆ ಓಡುವುದರಲ್ಲಿ ಅದಕ್ಕೆ ಸಮ ಇಲ್ಲ. ಈಗ ನಮ್ಮ ಟ್ರಿಪ್‌ಗಳಲ್ಲಿ ಜಾಸ್ತಿ ಲಾಭ ಇರುವುದು ಇದರಲ್ಲೇ.

ಜೂನ್ ಬಂದರೆ ಕಯಾಕ್‌ಗಳು ಶೆಡ್ಡಿನಲ್ಲಿ. ನಾನು ಕೂತು ತಳದ ಗೀರುಗಳಿಗೆ ತೇಪೆ ಹಾಕುತ್ತೇನೆ. ಹೆಂಡತಿ ಡ್ಯೂಟಿ ಮುಗಿಸಿ ಬಂದು ಟೀ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಪ್ರತಿ ವರ್ಷ ಒಂದೇ ಪ್ರಶ್ನೆ, "ಎಷ್ಟು ಉಳೀತು?" ಕಳೆದ ವರ್ಷ, ಒಂದು ಹೊಸ ಕಯಾಕ್‌ಗೆ ಆಗುವಷ್ಟು ಅಂದೆ.

"ಹಾಗಾದ್ರೆ ಡಬಲ್ ಬೇಡ, ಸಿಂಗಲ್ ತಗೊಳ್ಳಿ," ಅಂದಳು. "ನಿಮ್ಮ ಮುಂದೆ ಕೂತು ಬೈಸಿಕೊಂಡಿದ್ದು ಸಾಕು."