ಕಿತ್ತವರೇ ಸರ್ಟಿಫಿಕೇಟ್ ಕೊಡಬಾರದು: ಸಿಡ್ನಿಯ ಹಳೇ ಮನೆಯಿಂದ ಆಸ್ಬೆಸ್ಟಾಸ್ ತೆಗೆಸಿದ ಅನುಭವ

ಸಿಡ್ನಿಯ ಪಶ್ಚಿಮ ಭಾಗದಲ್ಲಿ, ಟೂಂಗ್ಯಾಬಿ, ವೆಂಟ್‌ವರ್ತ್‌ವಿಲ್ ಕಡೆ ಹಳೇ ಮನೆ ಕೊಂಡವರಿಗೆ ಫೈಬ್ರೋ ಹೊಸದಲ್ಲ. ಸಿಮೆಂಟಿಗೆ ಆಸ್ಬೆಸ್ಟಾಸ್ ಎಳೆ, ಅಂದರೆ ಉಸಿರಿನ ಜೊತೆ ಒಳಗೆ ಹೋದರೆ ಕ್ಯಾನ್ಸರ್ ತರಬಲ್ಲ ಖನಿಜದ ಎಳೆ, ಬೆರೆಸಿ ಮಾಡಿದ ಹಲಗೆ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇಗ, ಅಗ್ಗದಲ್ಲಿ ಮನೆ ಏಳಬೇಕಿತ್ತು. ಈ ಭಾಗದಲ್ಲಿ ಬೀದಿಗೆ ಬೀದಿಯೇ ಫೈಬ್ರೋದಲ್ಲಿ ಎದ್ದಿತು. ಆಸ್ಟ್ರೇಲಿಯಾದಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 2003ರ ಡಿಸೆಂಬರ್ 31ರಂದು. 1990ಕ್ಕೂ ಹಿಂದಿನ ಮನೆ ಅಂದರೆ ಎಲ್ಲೋ ಒಂದು ಕಡೆ ಅದು ಇದೆ ಅಂತಲೇ ತಿಳಿದು ಹೊರಡಬೇಕು. ನಮ್ಮದು ಅರವತ್ತರ ದಶಕದ್ದು. ಅಡುಗೆಮನೆ ಮತ್ತು ಬಚ್ಚಲುಮನೆ ಹೊಸದು ಮಾಡಿಸಬೇಕಿತ್ತು, ಗ್ಯಾರೇಜಿನ ಚಾವಣಿ ಬದಲಿಸಬೇಕಿತ್ತು.

ಎಲ್ಲರೂ ಮೊದಲು ಫೋನ್ ಮಾಡುವುದು ತೆಗೆಯುವವರಿಗೆ. ನಾನು ಮೊದಲು ಕರೆಸಿದ್ದು ಪರೀಕ್ಷೆ ಮಾಡುವವರನ್ನು. ತೆಗೆಯುವ ಕೆಲಸದಲ್ಲಿ ಲಾಭ ಇರುವವರೇ ಬಂದು "ಇದು ಆಸ್ಬೆಸ್ಟಾಸ್, ಅದೂ ಆಸ್ಬೆಸ್ಟಾಸ್" ಅಂದರೆ ನಂಬುವುದು ಹೇಗೆ? ಕಣ್ಣಿಂದ ನೋಡಿ ಹೇಳುವುದಂತೂ ಯಾರಿಗೂ ಆಗುವುದಿಲ್ಲ. ಹಳೇ ಫೈಬ್ರೋ, ಹೊಸ ಫೈಬರ್ ಸಿಮೆಂಟ್, ಎರಡಕ್ಕೂ ಬಣ್ಣ ಹೊಡೆದರೆ ಒಂದೇ ಥರ ಕಾಣುತ್ತವೆ. ಬಂದಾಕೆ ಆಕ್ಯುಪೇಷನಲ್ ಹೈಜೀನಿಸ್ಟ್, ಅಂದರೆ ಕೆಲಸದ ಜಾಗದಲ್ಲಿ ಆರೋಗ್ಯಕ್ಕೆ ಏನು ಅಪಾಯ ಇದೆ ಅಂತ ಪರೀಕ್ಷಿಸುವ ತಜ್ಞೆ. ಮುಖಕ್ಕೆ ಪಿ2 ಮಾಸ್ಕ್ ಹಾಕಿ, ಜಾಗಕ್ಕೆ ನೀರು ಸಿಂಪಡಿಸಿ, ಉಗುರಿನಷ್ಟು ತುಂಡು ತೆಗೆದು, ಎರಡು ಕವರಿನಲ್ಲಿ ಹಾಕಿ ಮುಚ್ಚಿದರು. ತೆಗೆದ ಜಾಗವನ್ನೂ ಆಗಲೇ ಸೀಲ್ ಮಾಡಿದರು. ಸ್ಯಾಂಪಲ್ ಹೋಗಿದ್ದು ನಾಟಾ (ಆಸ್ಟ್ರೇಲಿಯಾದಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿಗೆ. ಆ ಮಾನ್ಯತೆ ಇಲ್ಲದ ಲ್ಯಾಬಿನ ವರದಿಗೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳಿ.

ಗ್ಯಾರೇಜಿನ ಅಲೆ ಅಲೆ ಶೀಟು, ಬಚ್ಚಲುಮನೆ ಟೈಲ್ಸ್ ಹಿಂದಿನ ಹಲಗೆ, ಹೊರಗೆ ಸೂರಿನ ಕೆಳಗಿನ ಹಲಗೆ, ಮೂರರಲ್ಲೂ ಇದೆ ಅಂತ ವರದಿ ಬಂತು. ಇದು ನಿರೀಕ್ಷೆ ಮಾಡಿದ್ದೇ. ನಿಜವಾಗಿ ಲೆಕ್ಕ ಬದಲಿಸಿದ್ದು ಅಡುಗೆಮನೆಯ ನೆಲ. ಹಳೇ ವಿನೈಲ್ ಹಾಸಿನ ಬೆನ್ನಿಗೆ ಕಾಗದದಂಥ ಒಂದು ಪದರ ಇತ್ತು. ಅದು ಆಸ್ಬೆಸ್ಟಾಸ್.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಿಮೆಂಟಿನಲ್ಲಿ ಗಟ್ಟಿಯಾಗಿ ಕೂತಿರುವ ಆಸ್ಬೆಸ್ಟಾಸ್ ಬೇರೆ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಆಸ್ಬೆಸ್ಟಾಸ್ ಬೇರೆ. ಈ ಎರಡನೆಯದನ್ನು ಇಲ್ಲಿ ಫ್ರೈಯಬಲ್ ಅನ್ನುತ್ತಾರೆ. ನಮ್ಮ ಅಡುಗೆಮನೆ ನೆಲದ ಪದರ ಈ ಜಾತಿಯದು. ಶೀಟು ಒಡೆಯದೆ, ಕೊರೆಯದೆ ಇದ್ದರೆ ಎಳೆಗಳು ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಪುಡಿಯಾಗುವ ಜಾತಿಯದು ಸುಮ್ನೆ ಕೆದಕಿದರೂ ಗಾಳಿಗೆ ಸೇರುತ್ತದೆ. ಹಾಗಾಗಿ ಲೈಸೆನ್ಸಿನಲ್ಲೂ ಎರಡು ದರ್ಜೆ. ಬಿ ದರ್ಜೆಯವರು ಗಟ್ಟಿ ಜಾತಿಯದನ್ನು ಎಷ್ಟು ಬೇಕಾದರೂ ತೆಗೆಯಬಹುದು, ಫ್ರೈಯಬಲ್ ಮುಟ್ಟುವಂತಿಲ್ಲ. ಎ ದರ್ಜೆಯವರು ಎರಡನ್ನೂ ತೆಗೆಯಬಹುದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 10 ಚದರ ಮೀಟರ್ ವರೆಗಿನ ಗಟ್ಟಿ ಜಾತಿಯದಕ್ಕೆ ಲೈಸೆನ್ಸೇ ಬೇಡ, ಮನೆಯವರೇ ತೆಗೆಯಬಹುದು. ಕಾನೂನು ಬಿಟ್ಟಿದೆ ಅಂತ ನಾನು ಕೈ ಹಾಕಲಿಲ್ಲ. ಈ ಎಳೆಯಿಂದ ಬರುವ ಮೀಸೋಥೀಲಿಯೋಮಾ ಕ್ಯಾನ್ಸರ್ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಇವತ್ತು ಏನೂ ಆಗಲಿಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ.

ವರದಿ ಕೈಯಲ್ಲಿದ್ದದ್ದರಿಂದ ಕೊಟೇಷನ್ ತರಿಸುವುದು ಸುಲಭವಾಯಿತು. ಎಲ್ಲರಿಗೂ ಅದೇ ವರದಿ ಕಳಿಸಿದೆ. ಯಾರು ಓದಿದ್ದಾರೆ, ಯಾರು ಓದಿಲ್ಲ ಅನ್ನುವುದು ಉತ್ತರದಲ್ಲೇ ಗೊತ್ತಾಯಿತು. ಬಿ ದರ್ಜೆಯ ಒಬ್ಬರು ಅಡುಗೆಮನೆ ನೆಲವನ್ನೂ ಸೇರಿಸಿ ರೇಟ್ ಹಾಕಿದ್ದರು. ವಿನೈಲ್ ಬಗ್ಗೆ ಕೇಳಿದೆ. "ಒದ್ದೆ ಮಾಡಿ ಎತ್ತಿಬಿಡ್ತೀವಿ, ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ನಾವೇ ಕೊಡ್ತೀವಿ" ಅಂದರು. ಎಲ್ಲರಿಗಿಂತ ಕಡಿಮೆ ರೇಟು ಅವರದೇ. ಮಾತು ಅಲ್ಲಿಗೇ ನಿಲ್ಲಿಸಿದೆ.

ನನಗೆ ಮುಖ್ಯವಾದದ್ದು ಈ ಸರ್ಟಿಫಿಕೇಟಿನ ವಿಷಯ. ಲೈಸೆನ್ಸ್ ಬೇಕಾಗುವ ಕೆಲಸ ಮುಗಿದ ಮೇಲೆ, ಜಾಗ ಶುಚಿಯಾಗಿದೆ ಅಂತ ಬರೆದುಕೊಡುವವರು ತೆಗೆದವರ ಜೊತೆ ಸಂಬಂಧ ಇಲ್ಲದವರಾಗಿರಬೇಕು. ಫ್ರೈಯಬಲ್ ಆದರೆ ಅವರು ಲೈಸೆನ್ಸ್ ಇರುವ ಅಸೆಸರ್ (ತಪಾಸಣೆ ಮಾಡುವವರು) ಆಗಿರಬೇಕು, ಗಾಳಿಯ ಪರೀಕ್ಷೆಯೂ ಆಗಬೇಕು. ಕೆಲವು ಕಂಪನಿಗಳು ಅಸೆಸರನ್ನು ತಾವೇ ಕರೆಸಿ, ದುಡ್ಡು ತಮ್ಮ ಬಿಲ್ಲಿನಲ್ಲೇ ಸೇರಿಸುತ್ತವೆ. ಅದು ತಪ್ಪೇನಲ್ಲ. ಆದರೂ ನಾನು ಅಸೆಸರನ್ನು ಬೇರೆ ಗೊತ್ತುಮಾಡಿ, ದುಡ್ಡನ್ನೂ ನಾನೇ ಕೊಟ್ಟೆ. ಯಾರ ದುಡ್ಡೋ ಅವರ ಕಡೆ ಕಣ್ಣು, ಅಲ್ವಾ?

ಉಳಿದ ವಿಚಾರಣೆ ಬೇಗ ಮುಗಿಯಿತು. ಲೈಸೆನ್ಸ್ ನಂಬರ್ ಕೇಳಿ ಸರ್ಕಾರದ ಪಟ್ಟಿಯಲ್ಲಿ ತಾಳೆ ನೋಡಿದೆ. ಇನ್ಶೂರೆನ್ಸ್ ಪತ್ರ ಕೇಳಿ, ಅದರಲ್ಲಿ ಆಸ್ಬೆಸ್ಟಾಸ್ ಕೆಲಸ ಹೊರಗಿಟ್ಟಿಲ್ಲ ಅಂತ ಓದಿ ನೋಡಿದೆ. ಸಾಮಾನ್ಯ ಪಾಲಿಸಿಗಳು ಎಷ್ಟೋ ಸಲ ಹೊರಗಿಟ್ಟಿರುತ್ತವೆ. ತೆಗೆದ ಮೇಲೆ ಮತ್ತೆ ಮುಚ್ಚುವ ಕೆಲಸ ಅವರ ರೇಟಿನಲ್ಲಿ ಇಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಪಡೆದೆ. ಇದನ್ನು ಕೇಳದೆ ಹೋದರೆ ಚಾವಣಿ ಇಲ್ಲದ ಗ್ಯಾರೇಜು, ಒಳಗೆ ಪಾಸಮ್ ಅನ್ನುವ ಮರ ಹತ್ತುವ ಪ್ರಾಣಿಗಳ ಸಂಸಾರ.

ಕೆಲಸ ಶುರುವಾಗಲು ಕನಿಷ್ಠ 5 ದಿನ ಮೊದಲು ತೆಗೆಯುವವರು ಸೇಫ್‌ವರ್ಕ್‌ಗೆ (ಕೆಲಸದ ಸುರಕ್ಷತೆ ನೋಡಿಕೊಳ್ಳುವ ರಾಜ್ಯದ ಸಂಸ್ಥೆ) ತಿಳಿಸಬೇಕು. ಹಾಗಾಗಿ "ನಾಳೆಯೇ ಬರ್ತೀವಿ" ಅನ್ನುವವರ ಬಗ್ಗೆ ಅನುಮಾನ ಇರಲಿ. ಅಕ್ಕಪಕ್ಕದವರಿಗೆ ನಾನೇ ಹೋಗಿ ಹೇಳಿ ಬಂದೆ, ಬಟ್ಟೆ ಹೊರಗೆ ಒಣಗಿಸಬೇಡಿ ಅಂತ. ನಾವು ಪೆಂಡಲ್ ಹಿಲ್‌ನಲ್ಲಿ ಪರಿಚಯದ ಕನ್ನಡದವರ ಮನೆಗೆ ಹೋದೆವು.

ಗ್ಯಾರೇಜಿನ ಕೆಲಸವನ್ನು ರಸ್ತೆ ಆಚೆಯಿಂದ ನೋಡಿದೆ. ಗಲಾಟೆಯೇ ಇಲ್ಲ. ಶೀಟಿಗೆ ಮೆಲ್ಲಗೆ ನೀರು ಸಿಂಪಡಿಸಿ, ಬೋಲ್ಟ್ ಒಂದೊಂದಾಗಿ ಬಿಚ್ಚಿ, ಇಡೀ ಶೀಟನ್ನು ಕೈಯಿಂದ ಕೈಗೆ ಇಳಿಸಿದರು. ಒಡೆಯಲಿಲ್ಲ, ಎಸೆಯಲಿಲ್ಲ. 200 ಮೈಕ್ರಾನ್ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಹೆಸರು ಅಂಟಿಸಿದರು. ಅಡುಗೆಮನೆ ಬೇರೆಯೇ ಲೋಕ. ಬಾಗಿಲು, ಕಿಟಕಿ, ಗಾಳಿಯ ಡಕ್ಟು ಎಲ್ಲಕ್ಕೂ ಪ್ಲಾಸ್ಟಿಕ್. ಒಳಗಿನ ಗಾಳಿಯನ್ನು ಎಳೆದು, ಸೋಸಿ, ಹೊರಗೆ ಬಿಡುವ ಯಂತ್ರ. ಶುರುವಿಗೆ ಮುಂಚೆ ಒಳಗೆ ಹೊಗೆ ಬಿಟ್ಟು, ಎಲ್ಲಾದರೂ ಸೋರುತ್ತದಾ ಅಂತ ನೋಡಿದರು. ಕೆಲಸದವರು ಹೊರಗೆ ಬರುವ ದಾರಿಯಲ್ಲೇ ಸ್ನಾನದ ಕೋಣೆ. ಇದೆಲ್ಲ ನೋಡಿದ ಮೇಲೆ ಆ "ಒದ್ದೆ ಮಾಡಿ ಎತ್ತಿಬಿಡ್ತೀವಿ" ನೆನಪಾಗಿ ಮೈ ಜುಂ ಅಂದಿತು.

ಅಸೆಸರ್ ಬಂದರು. ಅಡುಗೆಮನೆಯ ಗಾಳಿಯಲ್ಲಿ ಪ್ರತಿ ಮಿಲಿಲೀಟರಿಗೆ 0.01 ಎಳೆಗಿಂತ ಕಡಿಮೆ ಇತ್ತು, ಪಾಸು. ಹೊರಗೆ ಮಾತ್ರ ಫೇಲು. ಗ್ಯಾರೇಜಿನ ಹಿಂದೆ ಹುಲ್ಲಿನಲ್ಲಿ ಹಳೇ ಚೂರುಗಳು ಸಿಕ್ಕವು, ಯಾವ ಕಾಲದವೋ. ತೆಗೆದ ಕಂಪನಿಯವರು "ಅವು ನಮ್ಮವಲ್ಲ, ಮೊದಲೇ ಇದ್ದವು" ಅಂದರು. ನಿಜವೇ ಇರಬಹುದು. ಆದರೆ ಸರ್ಟಿಫಿಕೇಟ್ ಬೇಕಾದರೆ ಜಾಗ ಶುಚಿ ಇರಬೇಕು, ಯಾರದ್ದಾದರೂ ಸರಿ ಅಂತ ಅಸೆಸರ್ ಬಿಡಲಿಲ್ಲ. ಆಳುಗಳು ಸಾಲಾಗಿ ನಿಂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹಿತ್ತಲನ್ನು ಆರಿಸಿದರು. ಇದಕ್ಕೆ ಇವರು ಎಮು ಪಿಕ್ ಅನ್ನುತ್ತಾರೆ. ತಮ್ಮ ಕೆಲಸಕ್ಕೆ ತಾವೇ ಸಹಿ ಹಾಕುವವರಾಗಿದ್ದರೆ ಆ ಚೂರುಗಳು ಇವತ್ತೂ ನಮ್ಮ ಮಕ್ಕಳು ಆಡುವ ಜಾಗದಲ್ಲೇ ಇರುತ್ತಿದ್ದವು.

ಕೊನೆಯ ಕಂತು ಕೊಡುವ ಮೊದಲು ಕಸ ಹೂಳುವ ಲ್ಯಾಂಡ್‌ಫಿಲ್‌ನ ತೂಕದ ರಶೀದಿ ಕೇಳಿದೆ. ಕೇಳಲು ಮುಜುಗರ ಬೇಡ. 2024ರ ಜನವರಿಯಲ್ಲಿ ಸಿಡ್ನಿಯ ರೊಜೆಲ್ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗಿಡದ ಬುಡಕ್ಕೆ ಹಾಕಿದ ಮಲ್ಚ್‌ನಲ್ಲೇ ಆಸ್ಬೆಸ್ಟಾಸ್ ಸಿಕ್ಕಿತ್ತು, ಆಮೇಲೆ ಇನ್ನೂ ಎಷ್ಟೋ ಕಡೆ. ಹೋಗಬೇಕಾದ ಕಡೆ ಹೋಗದ ಕಸ ಎಲ್ಲೋ ಒಂದು ಕಡೆ ತಲೆ ಎತ್ತುತ್ತದೆ.

ಇದನ್ನೆಲ್ಲ ಊರಿಗೆ ಫೋನಿನಲ್ಲಿ ಹೇಳಿದರೆ ನಗುತ್ತಾರೆ. ಬೆಂಗಳೂರಿನಲ್ಲಿ ಶೀಟ್ ಮನೆ ಬಾಡಿಗೆಗೆ ಹಿಡಿದು ಬದುಕಿದವರು ನಾವೂ ಹೌದು. ಭಾರತದಲ್ಲಿ ಆಸ್ಬೆಸ್ಟಾಸ್ ಶೀಟು ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಎ ದರ್ಜೆ, ಬಿ ದರ್ಜೆ ಅಂತ ಹುಡುಕಿಕೊಂಡು ಹೋಗುವ ಮಾತೇ ಇಲ್ಲ. ಊರಿನಲ್ಲಿ ತಮ್ಮ ಕೊಟ್ಟಿಗೆ ಚಾವಣಿ ಬದಲಿಸಿದಾಗ ನಾನು ಹೇಳಿದ್ದು ಇಷ್ಟೇ: ನೀರು ಹಾಕಿ ಬಿಚ್ಚಿಸು, ಸುತ್ತಿಗೆಯಲ್ಲಿ ಒಡೆಸಬೇಡ, ಗ್ರೈಂಡರ್ ಹತ್ತಿರ ತರಬೇಡ, ಒಣ ಪೊರಕೆಯಲ್ಲಿ ಗುಡಿಸಬೇಡ, ತುಂಡುಗಳನ್ನು ಗುಂಡಿಗೆ ತುಂಬಲು ಕೊಡಬೇಡ. ಅರ್ಧ ಕೇಳಿದ.

ಸೂರಿನ ಕೆಳಗಿನ ಹಲಗೆಗಳನ್ನು ನಾನು ತೆಗೆಸಲೇ ಇಲ್ಲ. ಗಟ್ಟಿಯಾಗಿವೆ, ಬಿರುಕಿಲ್ಲ, ಯಾರ ಕೈಗೂ ಎಟುಕುವುದಿಲ್ಲ. ಹೈಜೀನಿಸ್ಟ್ ಕೂಡ ಬಿಡಿ ಅಂದರು. ಬಣ್ಣದವನಿಗೆ ಮಾತ್ರ ಉಜ್ಜುಕಾಗದ ಮತ್ತು ಪ್ರೆಶರ್ ವಾಷರ್ ಎರಡನ್ನೂ ಗಾಡಿಯಲ್ಲೇ ಬಿಟ್ಟು ಬಾ ಅಂದೆ. ಮೀಟರ್ ಪೆಟ್ಟಿಗೆಯೊಳಗೆ, ಆಸ್ಬೆಸ್ಟಾಸ್ ಇರಬಹುದಾದ ಆ ಕಾಲದ ಕಪ್ಪು ಹಲಗೆಯ ಪಕ್ಕ, ಒಂದು ಎಚ್ಚರಿಕೆ ಚೀಟಿ ಅಂಟಿಸಿದ್ದೇನೆ. ಮುಂದೆ ಸೋಲಾರ್ ಹಾಕಲು ಬರುವ ಎಲೆಕ್ಟ್ರಿಷಿಯನ್ ಡ್ರಿಲ್ ಹಚ್ಚುವ ಮೊದಲು ಅದನ್ನು ನೋಡಲೇಬೇಕಾಗುತ್ತದೆ.