ಎರಿ ಮಣ್ಣು, ಹುಣಸೀಗಿಡ ಮತ್ತ ನಮ್ಮ ಪ್ಲೇ ಹೋಮು: ನನ್ನ ಅನುಭವ

ಧಾರವಾಡದಾಗ ನಾ ನಡಸೋ ಪ್ಲೇ ಹೋಮಿನಾಗ ಮೂರರಿಂದ ಐದು ವರ್ಷದ ಮಕ್ಕಳು ಈಗ ದಿನಾ ಸುಮಾರು ಎರಡು ತಾಸು ಹೊರಗ ಇರ್ತಾವ, ಮಳಿಗಾಲದಾಗೂ. "ಇದು ತಿಂಗಳಾನೂ ನಡಿಯಂಗಿಲ್ರಿ ಮೇಡಂ" ಅಂದಿದ್ದ ಟೀಚರ್‌ಗಳ ಈಗ ನೋಡಾಕ ಬರಾಕತ್ತಾರ, ಅದಕ್ಕ ಬರೀತೀನಿ.

ಮೊದ್ಲ ರೊಕ್ಕ ಎಲ್ಲಿ ಹೋತು ಹೇಳ್ತೀನಿ. ಪ್ಲಾಸ್ಟಿಕ್ ಜಾರಬಂಡಿಗೆ 18 ಸಾವಿರದ ಮ್ಯಾಲ ಹೋತು, ಮಾರ್ಚ್ ಬಂತಂದ್ರ ಹತ್ತೂವರಿಗೇ ಕಾದು ಮುಟ್ಟಾಕ ಆಗಂಗಿಲ್ಲ. ಕೆಲಗೇರಿ ಕೆರಿಗೆ ವ್ಯಾನ್ ಮಾಡ್ಕೊಂಡು ಹೋಗ್ತಿದ್ವಿ, ಪ್ರತಿ ಸಲ ಎರಡೂವರಿ ಸಾವಿರದಷ್ಟು ಬಾಡಿಗಿ, ಅರ್ಧ ಹೊತ್ತು ಮಕ್ಕಳನ್ನ ಎಣಸೋದ್ರಾಗ ಹೋಗ್ತಿತ್ತು, ದಂಡಿಗೆ ಬಿಡಾಕ ಅಂಜಿಕಿ, ಮತ್ತ ಅಲ್ಲಿ ನೋಡಿದ್ದು ಮರುದಿನ ಸಿಗಂಗಿಲ್ಲ. ಈ ವಯಸ್ಸಿಗೆ ಹೊಸ ಜಾಗ ಬೇಕಾಗಿಲ್ರಿ, ಅದ ಜಾಗ ದಿನಾ ಬೇಕು. ನಿನ್ನಿ ನೀರು ಹಾಕಿದ್ದ ಇರಬಿ ಗೂಡು ಇವತ್ತ ಮತ್ತ ತೆಗದೈತೇನು ಅಂತ ಬಂದಕೂಡ್ಲೆ ಓಡಬೇಕು, ಅಲ್ಲೇ ಪ್ರಶ್ನಿ ಹುಟ್ತಾವ. ಹಂಗಾಗಿ ಎಲ್ಲಾ ಬಿಟ್ಟು ಹಿತ್ತಲದ ಹುಣಸೀಗಿಡದ ಬುಡಕ್ಕ ಬಂದೆ.

ಉಸುಕಿನ ಗುಂಡಿ ಎರಡು ಸಲ ಕೆಟ್ಟಿತು. ಅಂಗಡಿಯವ ಕೊಟ್ಟ ಎಂ ಸ್ಯಾಂಡ್, ಅಂದ್ರ ಕಲ್ಲು ಒಡದು ಮಾಡಿದ ಉಸುಕು, ಕೈಗೆ ಚುಚ್ಚತಿತ್ತು, ಹೊಳಿ ಉಸುಕು ತರಿಸಿದ್ರ ರಾತ್ರಿ ಬೆಕ್ಕು ಬಂದು ಹೊಲಸು ಮಾಡಿದ್ವು. ಈಗ ಸಂಜಿಗೆ ತಾಡಪತ್ರಿ ಮುಚ್ಚಿ ಕಲ್ಲು ಹೇರ್ತೀವಿ. ನೀರಿನ ಟಬ್ ಮಾತ್ರ ದಿನಾ ಖಾಲಿ ಮಾಡಿ ಬೋರಲ ಹಾಕ್ರಿ, ಡೆಂಗಿ ಸೊಳ್ಳಿ ತಿಳಿನೀರಾಗ ಮೊಟ್ಟಿ ಇಡತೈತಿ. ಗುಜರಿಯಿಂದ ತಂದ ಚರಗಿ, ಸಾಣಗಿ, ಮ್ಯಾಲ ಹಸಿರು ನೆಟ್, ಎಲ್ಲಾ ಕೂಡಿ 11-12 ಸಾವಿರದಾಗ ಮುಗೀತು. ಜಾರಬಂಡಿ ಅರ್ಧ ರೇಟಿಗೆ ಮಾರಿದೆ.

ತಾಯಂದ್ರ ಮಾತು ಒಂದ: "ಮಣ್ಣಾಗ ಆಡಾಕ ಫೀಸು ಯಾಕ ಕೊಡಬೇಕ್ರಿ?" 2020ರ ಶಿಕ್ಷಣ ನೀತಿಯಾಗ 3ರಿಂದ 8 ವರ್ಷದ ತನಕ ಆಟದಿಂದ ಕಲಿಸ್ರಿ ಅಂತ ಐತಿ ಅಂದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವರ ಮನಸ್ಸು ತಿರುಗಿಸಿದ್ದು ಮಣ್ಣಿನ ಎತ್ತು ಮಾಡಿ ಪೂಜಿ ಮಾಡೋ ಮಣ್ಣೆತ್ತಿನ ಅಮಾವಾಸ್ಯಿ. ಕಾರಹುಣ್ಣಿಮಿ ಆಗಿ ಮಳಿ ಬಿದ್ದಿತ್ತು, ಎರಿ ಮಣ್ಣು, ಅಂದ್ರ ಕರಿ ಮಣ್ಣು, ತರಿಸಿ ತಾಯಂದ್ರನ್ನೂ ಕರದೆ. ನಾಕು ವರ್ಷದ ಹುಡುಗಿ ಒಂದು, ಮಾಡಿದ ಎತ್ತಿನ ಇಣಿ (ಬೆನ್ನ ಮ್ಯಾಲಿನ ಡುಬ್ಬ) ಮುರದು ಬಿತ್ತು, ಅಳಲಿಲ್ಲ, ಬೆರಳು ನೀರಾಗ ಅದ್ದಿ ಮುರದಲ್ಲೇ ಸವರಿ ಮತ್ತ ಕೂಡಿಸಿ, ಜ್ವಾಳದ ಕಾಳು ಒತ್ತಿ ಕಣ್ಣು ಮಾಡಿತು. ಅದರ ಅವ್ವ ಮನ್ಯಾಗ ಪೆನ್ಸಿಲ್ ಹಿಡಿಯಾಕ ಬಡಿದು ಕಲಿಸ್ತಿದ್ದಾಕಿ, ಬಗ್ಗಿ ನೋಡಕೋಂತ ಸುಮ್ನ ನಿಂತ್ಲು. ಬೆರಳಿಗೆ ಬಲ ಬಂದ ಮ್ಯಾಲ ಅಕ್ಷರ ಬರಿಯೋದು ಹಗುರ ಆಗತೈತ್ರಿ, ಈ ಮಾತು ಎದಿ ತಟ್ಟಿ ಹೇಳ್ತೀನಿ.

ನಡುವ ಇನ್ನೊಂದು ಮಾಡಿದ್ವಿ. ತಳಕ್ಕ ತೂತು ಹಾಕಿದ ಎರಡು ಡಬ್ಬಿ, ಒಂದ್ರಾಗ ಮಸಾರಿ (ಕೆಂಪು) ಮಣ್ಣು, ಒಂದ್ರಾಗ ಎರಿ. ಒಂದೊಂದು ಚರಗಿ ನೀರು. ಮಸಾರಿಯಿಂದ ಬಡಬಡ ಇಳೀತು, ಎರಿ ಹಿಡಕೊಂಡ ಕುಂತಿತು. "ಅದಕ್ಕ ಬಾಳ ನೀರಡಿಕಿ ಆಗೈತಿ" ಅಂದ ಒಬ್ಬ. ಮಕ್ಕಳ ಕಡೆ ಬಿತ್ತಿಸಿದ ಬೀಜದಾಗ ಶೇಂಗಾ ಅಳಿಲು ಬಿಡಲಿಲ್ಲ, ಟೊಮ್ಯಾಟೋ ಹುಟ್ಟೋದು ತಡ ಆಗಿ ಮಕ್ಕಳು ಕೆದರಿ ಹಾಕಿದ್ವು. ಹೆಸರು, ಅಲಸಂದಿ ಹಾಕ್ರಿ, ಮೂರ್ನಾಕು ದಿನಕ್ಕ ತಲಿ ಎತ್ತತಾವ. ಎಣಿಸೋದು ಕಲಿಸಾಕ ಹುಣಸೀ ಬೀಜ ಸಾಕು.

ಆಟ ಬಿಟ್ಟು ಎಲ್ಲಾರೂ ತಾವ ಬಂದು ಸುತ್ತ ಕೂಡೋ ಹಂಗ ಮಾಡೋ ಉಪಾಯ ಒಂದೈತಿ, ಅದು ನನ್ನ ಹತ್ರ ಇರ್ಲಿ, ಬಂದವರಿಗೆ ತೋರಸ್ತೀನಿ. ಹಾವಿನ ಅಂಜಿಕಿ ಇದ್ದವರು ಕಸ ಕೀಳಿಸಿ, ಕಟಗಿ ಇಟ್ಟಂಗಿ ಒಟ್ಟದಂಗ ನೋಡ್ಕೋರಿ, ದಿನಾ ಮಕ್ಕಳಕಿಂತ ಮೊದ್ಲ ನೀವು ಒಂದ್ ಸುತ್ತ ಹಾಕ್ರಿ.

ಈಗ ಬಾಜೂಕಿನ ಖಾಲಿ ಸೈಟು ಕೇಳೀನಿ, ಅವರಿ ಬಳ್ಳಿ ಹಬ್ಬಿಸಿ ಚಪ್ಪರ ಮಾಡೋದೈತಿ. ಮಾಲಕರು ತಿಂಗಳಿಗೆ ಮೂರು ಸಾವಿರ ಅನ್ನಾಕತ್ತಾರ, ಎರಡಕ್ಕ ಇಳಸಬೇಕು.