ಹೆಸರು ಕೇಳದೆ ಕೇಳಿದ ಪ್ರಶ್ನೆಗಳು

ನಾನು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಜಿ ತರಗತಿಗಳಿಗೆ ಪಾಠ ಮಾಡುತ್ತೇನೆ. ಅದರ ಜೊತೆಗೆ ಐಕ್ಯೂಎಸಿ, ಅಂದರೆ ಸಂಸ್ಥೆಯೊಳಗೆ ಗುಣಮಟ್ಟ ನೋಡಿಕೊಳ್ಳುವ ಘಟಕದ ಕೆಲಸವೂ ನನ್ನ ಪಾಲಿಗೆ ಬಂದಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮಾನ್ಯತೆಗೆ ಹೋಗುವ ಯಾವ ಸಂಸ್ಥೆಗೂ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಹೊಸದಲ್ಲ. 2017ರ ಪರಿಷ್ಕೃತ ಪದ್ಧತಿಯಿಂದ ಅದು ನಡೆದು ಬಂದಿದೆ. ಒಟ್ಟು 21 ಪ್ರಶ್ನೆ. ಸಿಲೆಬಸ್‌ನಲ್ಲಿ ಎಷ್ಟು ಭಾಗ ಪಾಠ ಆಯಿತು ಅನ್ನುವುದು ಮೊದಲನೆಯದು. ಸಲಹೆ ಕೊಡಿ ಅನ್ನುವುದು ಕೊನೆಯದು. ತರಗತಿಯ ಬಗ್ಗೆ ಅದು ಚೆನ್ನಾಗಿಯೇ ಕೇಳುತ್ತದೆ. ಆದರೆ ಹಾಸ್ಟೆಲ್ ಊಟ, ಊರಿಂದ ಬರುವ ಬಸ್ಸು, ಗೈಡ್ ಸಿಗುತ್ತಾರೋ ಇಲ್ಲವೋ ಅನ್ನುವುದು ಅದರಲ್ಲಿ ಇಲ್ಲ. ಎಂಎ, ಎಂಎಸ್ಸಿ ಓದುವ ಮಕ್ಕಳ ದಿನದ ಅರ್ಧ ಭಾಗ ಹೋಗುವುದು ಅಲ್ಲೇ ಅಲ್ವಾ? ಅದಕ್ಕೇ ನಮ್ಮದೇ ಒಂದು ಸಮೀಕ್ಷೆ ಬೇಕು ಅಂತ ಹಟ ಹಿಡಿದೆ.

ಪ್ರಶ್ನೆ ಬರೆಯುವುದಕ್ಕಿಂತ ಮೊದಲು ಯೋಚಿಸಬೇಕಾದದ್ದು ಭಯದ ಬಗ್ಗೆ. ಪಿಜಿ ವಿಭಾಗ ಅಂದರೆ ಚಿಕ್ಕ ಮನೆ. ಒಂದು ತರಗತಿಯಲ್ಲಿ ಇಪ್ಪತ್ತೋ ಮೂವತ್ತೋ ಜನ. ಎಲ್ಲರ ಕೈಬರಹವೂ ಮೇಷ್ಟ್ರಿಗೆ ಗೊತ್ತು, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ. ಹೆಸರು ಬರೆಯಬೇಡಿ ಅಂದ ಮಾತ್ರಕ್ಕೆ ಹೆಸರು ಗುಟ್ಟಾಗಿ ಉಳಿಯುವುದಿಲ್ಲ. ಗುರುತು ಹಿಡಿಯಲು ವಿಭಾಗ, ವರ್ಷ, ಲಿಂಗ, ಹಾಸ್ಟೆಲ್ಲೋ ಮನೆಯೋ ಅನ್ನುವ ನಾಲ್ಕು ಪ್ರಶ್ನೆ ಸಾಕು. ಎರಡನೇ ವರ್ಷದಲ್ಲಿ ಹಾಸ್ಟೆಲ್‌ನಲ್ಲಿರುವ ಹುಡುಗಿ ಒಬ್ಬಳೇ ಇದ್ದರೆ ಆ ಉತ್ತರ ಯಾರದ್ದು ಅಂತ ಎಲ್ಲರಿಗೂ ತಿಳಿಯುತ್ತದೆ.

ಹಾಗಾಗಿ ವಿಭಾಗದ ಹೆಸರನ್ನೇ ಬಿಟ್ಟೆವು. ಕಲೆ, ವಿಜ್ಞಾನ, ವಾಣಿಜ್ಯ ಅಂತ ಮೂರು ಗುಂಪು ಮಾತ್ರ ಇಟ್ಟೆವು. ಯಾವುದೇ ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಉತ್ತರ ಬಂದರೆ ಅದನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ ಅಂತ ಫಾರಂನ ಮೊದಲ ಸಾಲಿನಲ್ಲೇ ಬರೆದೆವು.

ಜಾತಿಯ ವಿಷಯದಲ್ಲಿ ಮಾತ್ರ ತುಂಬಾ ಚರ್ಚೆ ಆಯಿತು. ಮೀಸಲಾತಿ ವರ್ಗ ಯಾವುದು ಅಂತ ಕೇಳಿದರೆ ಗುರುತು ಸಿಗುತ್ತದೆ. ಕೇಳದಿದ್ದರೆ ತಾರತಮ್ಯ ಯಾರಿಗೆ ಆಗುತ್ತಿದೆ ಅನ್ನುವುದೇ ಕಾಣುವುದಿಲ್ಲ. ಕಾಣದ್ದನ್ನು ಇಲ್ಲ ಅಂದುಬಿಡುವುದು ನಮ್ಮ ಆಡಳಿತಗಳಿಗೆ ಬಹಳ ಸುಲಭ. ಕೊನೆಗೆ ಬೇರೆಯೇ ಒಂದು ಚಿಕ್ಕ ಫಾರಂ ಮಾಡಿದೆವು. ಅದರಲ್ಲಿ ವರ್ಗ ಮತ್ತು ಮೂರೇ ಪ್ರಶ್ನೆ. ತರಗತಿಯಲ್ಲಿ, ಹಾಸ್ಟೆಲ್‌ನಲ್ಲಿ, ಕಚೇರಿಯಲ್ಲಿ ನಿಮ್ಮನ್ನು ಬೇರೆಯಾಗಿ ನಡೆಸಿಕೊಂಡದ್ದು ಉಂಟೇ ಅಂತ. ದೊಡ್ಡ ಫಾರಂಗೂ ಇದಕ್ಕೂ ಯಾವ ಕೊಂಡಿಯೂ ಇರಲಿಲ್ಲ. ಇಡೀ ಸಮೀಕ್ಷೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಈ ತುಂಡು ಹಾಳೆಯೇ.

ಗೂಗಲ್ ಫಾರಂನಲ್ಲಿ ಒಬ್ಬರಿಗೆ ಒಂದೇ ಉತ್ತರ ಅನ್ನುವ ಆಯ್ಕೆ ಒತ್ತಿದರೆ ಲಾಗಿನ್ ಆಗಲೇಬೇಕಾಗುತ್ತದೆ. ತಮ್ಮ ಇಮೇಲ್ ಪರದೆ ಮೇಲೆ ಕಂಡ ಕೂಡಲೇ ಮಕ್ಕಳು ಹೆದರುತ್ತಾರೆ. ಅದು ನಮಗೆ ಬರುವುದಿಲ್ಲ ಅಂತ ಎಷ್ಟು ಹೇಳಿದರೂ ನಂಬುವುದಿಲ್ಲ. ಹಾಗಾಗಿ ಆ ಆಯ್ಕೆ ತೆಗೆದೆವು, ಇಮೇಲ್ ಸಂಗ್ರಹಿಸುವುದನ್ನೂ ನಿಲ್ಲಿಸಿದೆವು. ಯಾರೋ ಒಬ್ಬರು ಎರಡು ಸಲ ತುಂಬಬಹುದು. ತುಂಬಲಿ ಬಿಡಿ. ಎಲ್ಲರೂ ಹೆದರಿ ಸುಮ್ನೆ "ತುಂಬಾ ಚೆನ್ನಾಗಿದೆ" ಅಂತ ಒತ್ತಿ ಹೋಗುವುದಕ್ಕಿಂತ ಅದು ಮೇಲು. ಲಿಂಕ್ ಕಳಿಸಿದ್ದು ವಿಭಾಗದ ಮುಖ್ಯಸ್ಥರಲ್ಲ, ಕ್ಲಾಸ್ ರೆಪ್‌ಗಳು. ಪರೀಕ್ಷೆ ಫೀ ಕಟ್ಟುವಾಗ ತುಂಬಿಸಿಕೊಳ್ಳೋಣ, ನೂರಕ್ಕೆ ನೂರು ಬರುತ್ತದೆ ಅಂತ ಒಂದು ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಹಾಲ್ ಟಿಕೆಟ್ ಕೈಗೆ ಬರಬೇಕಾದ ಹೊತ್ತಿನಲ್ಲಿ ಯಾರು ತಾನೇ ದೂರು ಬರೆಯುತ್ತಾರೆ?

ಪ್ರಶ್ನೆಗಳ ಮಾತಿಗೆ ಬರುತ್ತೇನೆ. "ನಿಮಗೆ ತೃಪ್ತಿ ಇದೆಯೇ" ಅನ್ನುವ ಪ್ರಶ್ನೆಯನ್ನು ಆದಷ್ಟು ಕಡಿಮೆ ಮಾಡಿದೆವು. ಮನೆಯಲ್ಲಿ ಮೊದಲ ಬಾರಿಗೆ ಎಂಎ ಓದುತ್ತಿರುವ ಹುಡುಗ ತೃಪ್ತಿ ಇದೆ ಅಂತಲೇ ಬರೆಯುತ್ತಾನೆ. ಇಷ್ಟು ಸಿಕ್ಕಿದ್ದೇ ದೊಡ್ಡದು ಅನ್ನುವ ಭಾವ ಅವನದು. ಅದರ ಬದಲು ನಡೆದದ್ದನ್ನು ಕೇಳಿದೆವು. ಕಳೆದ ವಾರ ಎಷ್ಟು ಪಾಠಗಳು ನಡೆಯಲಿಲ್ಲ? ಈ ಸೆಮಿಸ್ಟರ್‌ನಲ್ಲಿ ಒಂದೇ ವಿಷಯಕ್ಕೆ ಎಷ್ಟು ಜನ ಅತಿಥಿ ಉಪನ್ಯಾಸಕರು ಬದಲಾದರು? ಬೇಕಾದ ಪುಸ್ತಕ ಗ್ರಂಥಾಲಯದಲ್ಲಿ ಸಿಗದೆ ಜೆರಾಕ್ಸ್ ಮಾಡಿಸಿದ್ದು ಉಂಟೇ? ಸ್ಕಾಲರ್‌ಶಿಪ್ ಹಣ ಯಾವ ತಿಂಗಳಲ್ಲಿ ಕೈಗೆ ಬಂತು? ಇಂಥ ಪ್ರಶ್ನೆಗೆ ಉತ್ತರ ಬರೆಯಲು ಧೈರ್ಯ ಬೇಕಿಲ್ಲ, ನೆನಪು ಇದ್ದರೆ ಸಾಕು. ಬಂದ ಉತ್ತರದಿಂದ ಏನು ಮಾಡಬೇಕು ಅನ್ನುವುದೂ ನೇರವಾಗಿ ತಿಳಿಯುತ್ತದೆ.

ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಬೇಕು. ಲ್ಯಾಬ್ ಮತ್ತು ಗ್ರಂಥಾಲಯ ಹೇಗಿದೆ ಅಂತ ಒಟ್ಟಿಗೆ ಕೇಳಿದರೆ ಉತ್ತರ ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಪ್ರಶ್ನೆಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಟ್ಟೆವು. ಆಗಷ್ಟೇ ಓದು ಮುಗಿಸಿದ್ದ ಕೆಲವರನ್ನು ಕೂರಿಸಿಕೊಂಡು ಒಂದೊಂದನ್ನೂ ಗಟ್ಟಿಯಾಗಿ ಓದಿಸಿದೆ. "ಇದಕ್ಕೆ ಏನು ಅರ್ಥ ಮಾಡಿಕೊಂಡಿರಿ?" ಅಂತ ಕೇಳುತ್ತಾ ಹೋದೆ. ಅವರು ತಡವರಿಸಿದ ಕಡೆಯೆಲ್ಲ ಪ್ರಶ್ನೆ ಬದಲಾಯಿತು.

ಪಿಎಚ್‌ಡಿ ಮಾಡುವವರಿಗೆ ಬೇರೆಯೇ ಫಾರಂ ಇಟ್ಟೆವು. ಬ್ರಿಟನ್ನಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಅಂತಲೇ ಒಂದು ರಾಷ್ಟ್ರಮಟ್ಟದ ಸಮೀಕ್ಷೆ 2007ರಲ್ಲಿ ಶುರುವಾಯಿತು, ತರಗತಿಯ ಪಿಜಿ ವಿದ್ಯಾರ್ಥಿಗಳಿಗೆ ಅಲ್ಲಿ ಇನ್ನೊಂದಿದೆ. ಅದು ಸರಿಯಾದ ಕ್ರಮ. ಪಿಎಚ್‌ಡಿಯಲ್ಲಿ ಎಲ್ಲವೂ ಗೈಡ್ ಒಬ್ಬರ ಸುತ್ತಲೇ ಇರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ಪಿಎಚ್‌ಡಿ ನಿಯಮಗಳು ನಮಗೆ ಒಳ್ಳೆಯ ಆಧಾರವಾದವು. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು ಅಂತ ಅದರಲ್ಲಿದೆ. ನಾವು ಕೇಳಿದ್ದು ಇಷ್ಟೇ: ಕಳೆದ ಸಭೆ ನಿಜವಾಗಿ ನಡೆಯಿತೇ, ಅಥವಾ ಸಹಿ ಮಾತ್ರ ಆಯಿತೇ? ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನಗಳವರೆಗೆ ರಜೆ ಇದೆ ಅಂತ ನಿಮಗೆ ಯಾರಾದರೂ ಹೇಳಿದ್ದಾರೆಯೇ? ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿ ತೆಗೆದಿದೆ ಅನ್ನುವುದು ಗೊತ್ತೇ? ಅಧ್ಯಾಯ ಕೊಟ್ಟ ಮೇಲೆ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಸಂಶೋಧನೆಗೆ ಸಂಬಂಧವಿಲ್ಲದ ಕೆಲಸ ಮಾಡಬೇಕಾಗಿ ಬಂದಿದೆಯೇ? ಕೊನೆಯ ಪ್ರಶ್ನೆಯ ಪಕ್ಕದಲ್ಲೇ "ಉತ್ತರಿಸಲು ಇಷ್ಟವಿಲ್ಲ" ಅನ್ನುವ ಆಯ್ಕೆಯನ್ನೂ ಇಟ್ಟೆವು. ಅದನ್ನು ಒತ್ತಿದವರನ್ನೂ ನಾನು ಎಣಿಸಿದೆ. ಮಾತಾಡಲು ಆಗದ ಸ್ಥಿತಿಯೂ ಒಂದು ಉತ್ತರವೇ.

ಲಿಂಕ್ ಕಳಿಸಿ ಕೂತರೆ ಉತ್ತರ ಬರುವುದು ಹಾಸ್ಟೆಲ್‌ನಲ್ಲಿರುವವರಿಂದ, ದಿನಾ ತರಗತಿಗೆ ಬರುವವರಿಂದ. ಹಳ್ಳಿಯಿಂದ ಓಡಾಡುವವರು, ಅಂಗಡಿಯಲ್ಲಿ ಅರ್ಧ ದಿನ ದುಡಿದು ಓದುವವರು ಬಿಟ್ಟುಹೋಗುತ್ತಾರೆ. ಸೌಲಭ್ಯದ ಕೊರತೆ ಜಾಸ್ತಿ ತಟ್ಟುವುದು ಅವರಿಗೇ. ಅವರಿಗಾಗಿ ಕಾಗದದ ಫಾರಂ ಹಿಡಿದು ಸಂಜೆ ಬಸ್ ಸ್ಟಾಪಿಗೆ ಹೋದೆವು. ಕೈಬರಹದ ಭಯ ಇರುತ್ತದಲ್ಲ, ಅದಕ್ಕೆ ಟಿಕ್ ಹಾಕುವ ಪ್ರಶ್ನೆ ಮಾತ್ರ ಇತ್ತು. ಮಡಿಸಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆ ಇಲ್ಲ. ಆದರೆ ಬಸ್ಸಿನ ಹೊತ್ತು ಅವರ ಕೈಯಲ್ಲಿಲ್ಲ. ಗ್ರಂಥಾಲಯದ ಸಮಯದ ಬಗ್ಗೆ ಅತಿ ಸ್ಪಷ್ಟವಾದ ಉತ್ತರ ಬಂದದ್ದು ಈ ಟಿಕ್ ಹಾಕಿದ ಫಾರಂಗಳಿಂದಲೇ. ತರಗತಿ ಮುಗಿಯುವ ಹೊತ್ತಿಗೂ ಊರಿನ ಕೊನೆಯ ಬಸ್ಸಿಗೂ ನಡುವೆ ಓದಲು ಸಮಯವೇ ಇಲ್ಲ, ಬೆಳಿಗ್ಗೆ ಬೇಗ ಬಂದರೆ ಬಾಗಿಲು ಹಾಕಿರುತ್ತದೆ ಅಂತ. ಸಂಜೆ ತಡವಾಗಿ ತೆರೆದಿಡೋಣ ಅಂತ ಯೋಚಿಸುತ್ತಿದ್ದ ನಮಗೆ ಬೇಕಾಗಿದ್ದದ್ದು ಬೆಳಗಿನ ಸಮಯ.

ಉತ್ತರ ಓದುವಾಗ ಸರಾಸರಿ ತೆಗೆಯುವ ಆಸೆಯನ್ನು ದೂರ ಇಟ್ಟೆ. 5ಕ್ಕೆ 3.8 ಅನ್ನುವ ಅಂಕಿಯಿಂದ ಏನು ಮಾಡಬೇಕು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಬರೆದು ತಿಳಿಸಿದ ಮಾತುಗಳನ್ನು, ಕೆಲವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಒಂದೊಂದಾಗಿ ಓದಿ ವಿಷಯವಾರು ಜೋಡಿಸಿದೆ. ಮೇಷ್ಟ್ರೊಬ್ಬರ ಹೆಸರು ಬಂದ ಕಡೆ ಹೆಸರು ತೆಗೆದೆ. ಕಿರುಕುಳದ ಮಾತು ಬಂದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿದ್ದೆವು. ಆಂತರಿಕ ದೂರು ಸಮಿತಿಯ ಫೋನ್ ನಂಬರ್ ಫಾರಂನ ಕೊನೆಯಲ್ಲೇ ಇತ್ತು. ಇದಿಲ್ಲದೆ ಯಾರೂ ಇಂಥ ಸಮೀಕ್ಷೆಗೆ ಕೈ ಹಾಕಬಾರದು.

ಫಲಿತಾಂಶವನ್ನು ಕುಲಪತಿಗಳಿಗೆ ಕೊಟ್ಟ ವಾರವೇ ನೋಟಿಸ್ ಬೋರ್ಡಿಗೂ ಹಾಕಿದೆವು. ಎರಡು ಪುಟ, ಕನ್ನಡದಲ್ಲಿ. ಯಾವುದು ಈ ಸೆಮಿಸ್ಟರ್‌ನಲ್ಲಿ ಆಗುತ್ತದೆ, ಯಾವುದಕ್ಕೆ ಸರ್ಕಾರದ ಅನುಮತಿ ಬೇಕು, ಯಾವುದು ನಮ್ಮ ಕೈಯಲ್ಲಿಲ್ಲ ಅಂತ ಬಿಡಿಸಿ ಬರೆದೆವು. ಗ್ರಂಥಾಲಯದ ಬಾಗಿಲು ಈಗ ಬೆಳಿಗ್ಗೆ ಬೇಗ ತೆರೆಯುತ್ತದೆ. ಅತಿಥಿ ಉಪನ್ಯಾಸಕರ ನೇಮಕಾತಿ ತಡವಾಗುವುದು ಇನ್ನೂ ಹಾಗೇ ಇದೆ, ಅದನ್ನೂ ಬೋರ್ಡಿನಲ್ಲಿ ಹಾಗೇ ಬರೆದಿದ್ದೇವೆ.

ಈಗ ನಾನು ತಯಾರಿ ನಡೆಸಿರುವುದು ಓದು ನಡುವೆ ಬಿಟ್ಟವರನ್ನು ಕೇಳಲು. ಮೊದಲ ಸೆಮಿಸ್ಟರ್ ಆದ ಮೇಲೆ ಮರಳಿ ಬಾರದವರು ಯಾವ ಸಮೀಕ್ಷೆಯಲ್ಲೂ ಸಿಗುವುದಿಲ್ಲ. ಅವರಿಗೆ ಫಾರಂ ಕಳಿಸಿದರೆ ಆಗದು, ಫೋನ್ ಮಾಡಿ ಮಾತಾಡಬೇಕು. ಪ್ರವೇಶ ಪತ್ರದಲ್ಲಿರುವ ನಂಬರಿಗೆ ಹೀಗೆ ಕರೆ ಮಾಡಬಹುದು ಅಂತ ಸೇರುವಾಗಲೇ ಅವರ ಒಪ್ಪಿಗೆ ಪಡೆಯಬೇಕು. ಈ ವರ್ಷದ ಪ್ರವೇಶ ಅರ್ಜಿಯಲ್ಲಿ ಆ ಒಂದು ಸಾಲು ಸೇರಿಸಲು ಕಚೇರಿಗೆ ಪತ್ರ ಕೊಟ್ಟಿದ್ದೇನೆ.